ಎಸಿ ಕೋರ್ಟು ಬೇರೆ, ಸಿವಿಲ್ ಕೋರ್ಟು ಬೇರೆ

ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯ ಜಮೀನಿನ ತಕರಾರು ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು, ಶಿರಸಿಯ ಉಪವಿಭಾಗಾಧಿಕಾರಿಯ, ಅಂದರೆ ಎಸಿಯವರ, ಕಚೇರಿಗೂ ಹೋಗಬಹುದು. ಎರಡೂ ಕಡೆ ಕೇಸ್ ನಂಬರು, ನೋಟಿಸು, ವಾಯಿದೆ ಇರುತ್ತವೆ. ಎರಡನ್ನೂ ಜನ ಕೋರ್ಟು ಎಂದೇ ಕರೆಯುತ್ತಾರೆ. ಆದರೆ ಜಮೀನಿನ ಮಾಲ್ಕಿ ಯಾರದ್ದೆಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ ಮಾತ್ರ.

ಜಮೀನಿನ ದಾವೆಯನ್ನು ಜಮೀನಿರುವ ಕಡೆಯ ನ್ಯಾಯಾಲಯದಲ್ಲೇ ಹಾಕಬೇಕು; ಮಾಲೀಕರು ಬೆಂಗಳೂರಿನಲ್ಲಿದ್ದರೂ ಅಷ್ಟೇ. ಕಡಿಮೆ ಮೌಲ್ಯದ ದಾವೆ ಸಿವಿಲ್ ನ್ಯಾಯಾಧೀಶರ ಮುಂದೆ, ಹೆಚ್ಚಿನದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬರುತ್ತದೆ. ಮೇಲೆ ಜಿಲ್ಲಾ ನ್ಯಾಯಾಲಯ. ಅದರ ಕೇಂದ್ರ ಕಾರವಾರವಾದರೂ ಶಿರಸಿಯಲ್ಲೂ ಕಲಾಪ ನಡೆಯುತ್ತದೆ. ಉತ್ತರ ಕನ್ನಡದವರಿಗೆ ಹೈಕೋರ್ಟೆಂದರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದದ್ದು 2013ರಲ್ಲಿ ಕಾಯಂ ಆಯಿತು. ಕ್ರಿಮಿನಲ್ ಕಡೆಯಲ್ಲಿ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ನ್ಯಾಯಾಲಯ 3 ವರ್ಷದವರೆಗೆ ಸಜೆ ಕೊಡಬಹುದು. ಕೊಲೆಯಂಥ ಪ್ರಕರಣ ಸೆಷನ್ಸ್‌ಗೆ ಹೋಗುತ್ತದೆ. ಬೇಲಿ ಜಗಳದ ಪೊಲೀಸ್ ಕೇಸು ಗೆದ್ದ ಮಾತ್ರಕ್ಕೆ ಗಡಿ ತಮ್ಮದಾಯಿತೆಂದು ತಿಳಿಯಬಾರದು.

ಜನ ಹೆಚ್ಚು ಕಳೆದುಕೊಳ್ಳುವುದು ಪಹಣಿಯನ್ನು ನಂಬಿ. ತಂದೆ ತೀರಿಕೊಂಡ ಮೇಲೆ ಅಣ್ಣನೊಬ್ಬ ವಾರಸಾ ಖಾತೆಯಲ್ಲಿ ಇಡೀ ಅಡಿಕೆ ತೋಟವನ್ನು ತನ್ನ ಹೆಸರಿಗೆ ಮಾಡಿಸಿಕೊಂಡ ಎಂದುಕೊಳ್ಳೋಣ. ಸಾಗರಕ್ಕೆ ಮದುವೆಯಾಗಿ ಹೋದ ತಂಗಿಗೆ ಕಚೇರಿ ಮುಂದಿನ ಏಜಂಟ ಹೇಳುವುದು ಒಂದೇ ಮಾತು: ಎಸಿ ಕೋರ್ಟಿಗೆ ಹಾಕಿ, ಹೆಸರು ಬರುತ್ತದೆ. ಅಲ್ಲಿ ವರ್ಷಗಟ್ಟಲೆ ವಾಯಿದೆ ಬೀಳುತ್ತದೆ. ಕೊನೆಗೆ ಆದೇಶದಲ್ಲಿ ಬರುವುದು, ಹಕ್ಕಿನ ಪ್ರಶ್ನೆಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎಂಬ ಒಂದು ಸಾಲು. ಇದನ್ನು ಮೊದಲ ದಿನವೇ ಹೇಳಬಹುದಿತ್ತು. ಹೇಳಿದ್ದರೆ ಏಜಂಟನಿಗೆ ಅಷ್ಟೂ ವಾಯಿದೆಯ ದುಡ್ಡು ಸಿಗುತ್ತಿರಲಿಲ್ಲ. 1964ರ ಭೂಕಂದಾಯ ಕಾಯ್ದೆಯ 135ನೇ ಕಲಮಿನಲ್ಲೇ ಪಹಣಿ ದಾಖಲೆಯಿಂದ ಬಾಧಿತರಾದವರು ಹಕ್ಕು ಘೋಷಣೆಗೆ ಸಿವಿಲ್ ದಾವೆ ಹಾಕಬಹುದೆಂದಿದೆ. ಹಕ್ಕು ಘೋಷಣೆಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಅವಧಿ. ಎಸಿ ಕಚೇರಿಗೆ ಅಲೆದ ಕಾಲವನ್ನು ಇದರಲ್ಲಿ ಕಳೆದೇ ಕೊಡುತ್ತಾರೆಂಬ ಭರವಸೆಯಿಲ್ಲ. ಪಾಲಿನ ದಾವೆಗೆ ಅವಧಿ ಉದ್ದವಿದೆ ನಿಜ. ಆದರೆ ಅಷ್ಟರಲ್ಲಿ ತೋಟ ಮಾರಿಹೋದರೆ ಕ್ರಯಪತ್ರವನ್ನೂ ಪ್ರಶ್ನಿಸಬೇಕಾಗುತ್ತದೆ. ಸಿವಿಲ್ ದಾವೆ ನಡೆಯುತ್ತಿರುವಾಗ ಜಮೀನು ಕೊಂಡವರನ್ನು ಆ ದಾವೆಯ ತೀರ್ಪು ಕಟ್ಟಿಹಾಕುತ್ತದೆ, ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೇಳಬಹುದು. ಬರೀ ಖಾತೆಯ ತಕರಾರು ಹಾಕಿ ಕೂತವರು ಈ ರಕ್ಷಣೆಯನ್ನು ನಂಬುವಂತಿಲ್ಲ.

ಹಾಗೆಂದು ಎಸಿ ಕಚೇರಿಯಿಂದ ಬಂದ ನೋಟಿಸನ್ನು ಬದಿಗಿಡಬಾರದು. ಒಬ್ಬರೇ ಅಧಿಕಾರಿ ಅಲ್ಲಿ ಬೇರೆ ಬೇರೆ ಕಾಯ್ದೆಗಳಡಿ ಕೂರುತ್ತಾರೆ. ಖಾತೆ ಬದಲಾವಣೆಯ ಮೇಲ್ಮನವಿ ಅವರ ಮುಂದೆ ಬರುತ್ತದೆ, 60 ದಿನದೊಳಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ. ಭೂನ್ಯಾಯ ಮಂಡಳಿಯ ಅಧ್ಯಕ್ಷರೂ ಅವರೇ. ಗೇಣಿ ಹಕ್ಕಿನ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುವಂತಿಲ್ಲ, ಅದು ಮಂಡಳಿಯದ್ದು. ಮಂಡಳಿಯ ಆದೇಶದ ವಿರುದ್ಧ ಹೋಗಬೇಕಾದದ್ದು ಹೈಕೋರ್ಟಿಗೆ. ಹಿರಿಯ ನಾಗರಿಕರ ಜೀವನಾಂಶದ ಅರ್ಜಿಯೂ ಅವರ ಮುಂದೆಯೇ. ಅತಿಕ್ರಮಣ ಜಾಗದ ಅರಣ್ಯ ಹಕ್ಕಿನ ಅರ್ಜಿಗೆ ದಾರಿ ಬೇರೆ: ಗ್ರಾಮಸಭೆ, ಆಮೇಲೆ ಎಸಿ ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಒಂದು ಹಂತದ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮುಂದಿನ ಹಂತಕ್ಕೆ ಅರ್ಜಿ ಕೊಡಬೇಕು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶೀಲನೆ ಮುಗಿಯುವವರೆಗೆ ಹಕ್ಕುದಾರರನ್ನು ಒಕ್ಕಲೆಬ್ಬಿಸುವಂತಿಲ್ಲ; ಇದನ್ನು ಸ್ಥಳಕ್ಕೆ ಬಂದ ಸಿಬ್ಬಂದಿ ತಾವಾಗಿ ಹೇಳುವುದಿಲ್ಲ. ನೋಟಿಸಿನ ತಲೆಬರಹದಲ್ಲಿ ಯಾವ ಕಾಯ್ದೆ, ಯಾವ ಕಲಮು ಎಂದಿದೆಯೋ ಅದನ್ನೇ ಮೊದಲು ಓದಬೇಕು. ಮೇಲ್ಮನವಿ ಎಲ್ಲಿಗೆ ಎಂಬುದು ಅದರಿಂದಲೇ ತಿಳಿಯುವುದು.

ಸಿವಿಲ್ ಡಿಕ್ರಿಯ ವಿರುದ್ಧ ಜಿಲ್ಲೆಯೊಳಗಿನ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90. ದೃಢೀಕೃತ ನಕಲು ಸಿಗಲು ಹಿಡಿದ ಕಾಲ ಇದರಲ್ಲಿ ಲೆಕ್ಕಕ್ಕಿಲ್ಲ. ಆದರೆ ನಕಲಿಗೆ ಅರ್ಜಿ ಕೊಟ್ಟರೆ ಮಾತ್ರ. "ಸಾಹೇಬರ ಸಹಿ ಆಗಿಲ್ಲ, ಮುಂದಿನ ವಾರ ಬನ್ನಿ" ಎನ್ನುವ ಗುಮಾಸ್ತನ ಮಾತು ಕೇಳಿ ಬರಿಗೈಯಲ್ಲಿ ಮರಳಬಾರದು. ಲಿಖಿತ ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಪಡೆಯಬೇಕು.

ಸರ್ಕಾರದ ವಿರುದ್ಧ ದಾವೆಯಾದರೆ 2 ತಿಂಗಳ ಮುಂಚೆ ನೋಟಿಸು ಕೊಡಬೇಕು. ತುರ್ತಿದ್ದಾಗ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹಾಕಬಹುದು. ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರುವವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಆದರೆ ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಪಾಲಿನ ರಾಜಿಯಲ್ಲಿ ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ತೋಟಕ್ಕೆ ಹೋಗುವ ದಾರಿ, ನೀರಿನ ಹಕ್ಕು ಎಲ್ಲವೂ ಬರೆದಿದೆಯೇ ಎಂದು ಓದಿಸಿಕೊಂಡ ನಂತರವೇ ಸಹಿ ಹಾಕಬೇಕು.