ಮುಚ್ಚಿಟ್ಟ ಲ್ಯಾಪ್‌ಟಾಪ್ ಡೇಟಾ ತಿನ್ನುತ್ತಿದ್ದರೆ

ಮುಚ್ಚಳ ಹಾಕಿಟ್ಟರೂ ರಾತ್ರಿಯಿಡೀ ವೈ-ಫೈ ದೀಪ ಮಿನುಗುತ್ತದೆ, ಬೆಳಗಾಗುವಷ್ಟರಲ್ಲಿ ಡೇಟಾ ಖಾಲಿ ಎಂದು ಹೊಸಕೋಟೆಯಿಂದ ಬರೆದಿದ್ದೀರಿ. ಕಳ್ಳರು ಹೊಕ್ಕಿದ್ದಾರೆಂದು ಈಗಲೇ ಹೆದರಬೇಡಿ. ವಿಂಡೋಸ್ 11ರ ಎಷ್ಟೋ ಸಣ್ಣ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ನೆಟ್‌ವರ್ಕ್ ಬಿಡುವುದಿಲ್ಲ.

ಇವತ್ತು ರಾತ್ರಿ ಪೂರ್ತಿ ಶಟ್‌ಡೌನ್ ಮಾಡಿ ಮಲಗಿ. ಆಗಲೂ ಡೇಟಾ ಕರಗಿದರೆ ನಿಮ್ಮ ರೌಟರನ್ನು ಮನೆಯ ಬೇರೆ ಸಾಧನವೋ ಹೊರಗಿನವರೋ ಬಳಸುತ್ತಿರಬಹುದು. ವೈ-ಫೈ ಪಾಸ್‌ವರ್ಡ್ ಬದಲಿಸಿ, ರೌಟರಿನಲ್ಲಿ ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್‌ನಿಂದ ಜೋಡಿಸುವ ಸೌಲಭ್ಯ) ಆಫ್ ಮಾಡಿ. ಕರಗದಿದ್ದರೆ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ‘ಸೆಂಡ್’, ‘ರಿಸೀವ್’ ಕಾಲಂಗಳನ್ನು ನೋಡಿ. ಅಪ್‌ಡೇಟ್, ಫೋಟೊ ಬ್ಯಾಕಪ್ ಕಂಡರೆ ಆ ವೈ-ಫೈಯನ್ನು ‘ಮೀಟರ್ಡ್ ಕನೆಕ್ಷನ್’ ಮಾಡಿದರೆ ಬಹುಮಟ್ಟಿಗೆ ಸಾಕು. ಗುರುತಿಲ್ಲದ ಪ್ರೋಗ್ರಾಂ ಒಂದೇ ಸಮನೆ ಕಳಿಸುತ್ತಿದ್ದರೆ ಮೊದಲು ವೈ-ಫೈ ಆಫ್ ಮಾಡಿ, ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.