ಎಂಜಿನ್ ತೊಳೆಸುವ ಮುಂಚೆ

ಹೊಸಪೇಟೆಯ ಬೇಸಿಗೆಯಲ್ಲಿ ಕೂಲೆಂಟ್ ಸೋರುವ ಕಾರು ನೆಲದ ಮೇಲೆ ಗುರುತು ಬಿಡುವುದು ಕಡಿಮೆ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲಲ್ಲೇ ಆರಿಹೋಗುತ್ತದೆ. ನಮ್ಮ ಹಳೇ ಪೆಟ್ರೋಲ್ ಕಾರಿನ ಕೂಲೆಂಟ್ ಡಬ್ಬಿಯ ಮಟ್ಟ ಕೆಳಗಿನ ಗೆರೆ ದಾಟಿ ಇಳಿಯುತ್ತಲೇ ಇತ್ತು; ಮನೆಮುಂದಿನ ನೆಲ ಮಾತ್ರ ಒಣಗಿಯೇ ಇರುತ್ತಿತ್ತು. ಸಂಡೂರಿನ ಏರು ಹತ್ತಿ ಬಂದ ದಿನ ಇಳಿತ ಹೆಚ್ಚು, ಕಂಪ್ಲಿಯ ಬಯಲು ದಾರಿಯಲ್ಲಿ ಹೋಗಿಬಂದರೆ ಅಷ್ಟಿಲ್ಲ. ಬಾನೆಟ್ ಎತ್ತಿದರೆ ಸಿಹಿಸಿಹಿ ವಾಸನೆ ಬೇರೆ.

ಅರ್ಧ ರೋಗ ಇಲ್ಲೇ ತಿಳಿಯುತ್ತದೆ. ಏರಿನಲ್ಲಿ ಎಂಜಿನ್ ದುಡಿದಷ್ಟೂ ಒಳಗಿನ ಒತ್ತಡ ಏರಿ ಸಣ್ಣ ಬಿರುಕೂ ಬಾಯಿ ಬಿಡುತ್ತದೆ. ಹಂಪಿಯಲ್ಲಿ ಪ್ರವಾಸಿಗರ ಗಾಡಿಗಳ ಸಾಲಿನಲ್ಲಿ ಎಸಿ ಹಾಕಿಕೊಂಡು ತೆವಳುವಾಗಷ್ಟೇ ಮುಳ್ಳು ಏರಿ, ವೇಗ ಹಿಡಿದೊಡನೆ ಇಳಿದರೆ ಮೊದಲು ಫ್ಯಾನ್ ನೋಡಬೇಕು. ನಮ್ಮದು ಹಾಗಿರಲಿಲ್ಲ.

ಎಂಜಿನ್ ವಾಟರ್‌ವಾಶ್ ಮಾಡಿಸಿ ಆಮೇಲೆ ನೋಡಿ ಎಂದವರೇ ಬಹಳ. ತಡೆದದ್ದು ಲಾರಿ ಗ್ಯಾರೇಜಿನ ಭಾಯ್. “ತೊಳಿಬ್ಯಾಡ್ರಿ ಸಾರ್, ತೊಳದ್ರೆ ಗುರ್ತೇ ಹೋಗ್ತೈತಿ” ಎಂದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ತಗ್ಗಿದ್ದ ಅದಿರಿನ ಧೂಳು ಲಾರಿಗಳ ಜತೆಗೇ ವಾಪಸಾಗಿದೆ. ಎಲ್ಲರೂ ಬೈಯುವ ಆ ಕೆಂಧೂಳು ಸೋರಿಕೆ ಹುಡುಕಲು ಮಾತ್ರ ಬಲು ಉಪಕಾರಿ. ಟಾರ್ಚ್ ಬಿಟ್ಟು ನೋಡಿದೆವು. ಒಣಗಿದ ಕಡೆ ಧೂಳು ಊದಿದರೆ ಹಾರುತ್ತಿತ್ತು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂಗೆ ಕೂಡುವ ಅಂಚಿನಲ್ಲಿ ಮಾತ್ರ ಹೆಬ್ಬೆರಳಗಲದ ಕೆಸರು, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ಹಸಿರು ಉಪ್ಪಿನಂಥ ಪುಡಿ.

ಆದರೂ ಖಾತ್ರಿಯಾಗಬೇಕಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಪ್ರೆಷರ್ ಟೆಸ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿದ್ದ 0.9 ಬಾರ್‌ವರೆಗೆ ಕೈಯಿಂದ ಪಂಪ್ ಹೊಡೆದರು. ಮುಳ್ಳು ನಿಧಾನಕ್ಕೆ ಜಾರತೊಡಗಿತು. ಸ್ವಲ್ಪ ಹೊತ್ತಿಗೆ ಅದೇ ಅಂಚಿನಲ್ಲಿ ಸಾಸಿವೆಯಷ್ಟು ಹನಿ ಮೂಡಿತು. ಮುಳ್ಳು ಇಳಿದೂ ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಕಾಲಡಿಯ ಮ್ಯಾಟ್ ಎತ್ತಿ ನೋಡಬೇಕು, ಹೀಟರ್ ಕೋರ್ ಸೋರುತ್ತಿರಬಹುದು. ಸೈಲೆನ್ಸರಿನಲ್ಲಿ ಬಿಟ್ಟೂಬಿಡದೆ ಬಿಳಿ ಹೊಗೆ, ಆಯಿಲ್‌ನಲ್ಲಿ ಬೆಳ್ಳನೆ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ಅನುಮಾನ. ಅದು ದೊಡ್ಡ ಖರ್ಚು.

ಲಾರಿಯವರು ದಾರಿಮಧ್ಯೆ ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಊರು ಸೇರುವುದುಂಟು. ಊರು ಸೇರಲು ಅದು ಸಾಕು. ಅದನ್ನೇ ರಿಪೇರಿ ಅಂದುಕೊಂಡರೆ ಪುಡಿ ಸಣ್ಣ ನಳಿಕೆಗಳಲ್ಲಿ ಕೂತುಬಿಡುತ್ತದೆ. ಹಿಂದಿನ ತಾಮ್ರ-ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕಿಸಬಹುದಿತ್ತು. ಈ ಪ್ಲಾಸ್ಟಿಕ್ ಅಂಚಿಗೆ ಅಂಟು ಬಳಿಸಿ ನೆಚ್ಚಿಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಹೊಸದೇ ಹಾಕಿಸಿದೆ. ಬಿಚ್ಚುವಾಗ ಸುರಿದ ಹಳೇ ಕೂಲೆಂಟ್ ಚರಂಡಿಗೆ ಬಿಡದೆ ಕ್ಯಾನಿನಲ್ಲಿ ಹಿಡಿದಿಟ್ಟೆವು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಮೇಕೆಗಳು ನೆಕ್ಕಿದರೆ ಉಳಿಯುವುದು ಕಷ್ಟ.

ಹೊಸ ಕೂಲೆಂಟಿಗೆ ಬೋರ್‌ವೆಲ್ ನೀರು ಬೆರೆಸಬಾರದು. ಕೊಡದ ತಳಕ್ಕೆ ಹಿಡಿಯುವ ಬಿಳಿ ಸುಣ್ಣವೇ ಎಂಜಿನ್ ಒಳಗೂ ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರಿನೊಂದಿಗೆ ಸಮಪಾಲು ಬೆರೆಸಿ ತುಂಬಿ, ಮುಚ್ಚಳ ಹಾಕದೆ ಎಂಜಿನ್ ಆನ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ ಕೂರಬೇಕು. ಒಳಗೆ ಸಿಕ್ಕ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಏಪ್ರಿಲ್ ತಿಂಗಳ ಹೊಸಪೇಟೆಯಲ್ಲಿ ಕಾರಿನ ಹೀಟರ್ ಹಾಕಿ ಕೂತವನನ್ನು ಜನ ಹೇಗೆ ನೋಡುತ್ತಾರೆಂದು ಹೇಳಬೇಕಿಲ್ಲ.

ಹಳೇ ಮುಚ್ಚಳವನ್ನೇ ಹಾಕಿ ಅಂದಿದ್ದೆ. ಭಾಯ್ ಅದರ ರಬ್ಬರ್ ತಿರುಗಿಸಿ ತೋರಿಸಿದರು, ಅಂಚೆಲ್ಲ ಸೀಳು. ಬರೀ ನೀರೇ ಆದರೂ 1 ಬಾರ್ ಒತ್ತಡ ನಿಂತರೆ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ; ಮುಚ್ಚಳ ಒತ್ತಡ ಹಿಡಿಯದಿದ್ದರೆ ಕೂಲೆಂಟ್ ತುಂಬಿದ್ದರೂ ಗಾಡಿ ಏರಿನಲ್ಲಿ ಕುದಿಯಬಹುದು. ರೇಡಿಯೇಟರಿಗೆ ಅಷ್ಟು ದುಡ್ಡು ಸುರಿದು ಮುಚ್ಚಳಕ್ಕೆ ಜುಗ್ಗತನ ಯಾಕ್ರಿ ಅಂತ ಗದರಿ, ಹೊಸದನ್ನು ಅವರೇ ಬಿಗಿದರು. ಅದರ ದುಡ್ಡು ಬಿಲ್ಲಿನಲ್ಲಿ ಸೇರಿತ್ತು, ನಾನೂ ತಕರಾರು ತೆಗೆಯಲಿಲ್ಲ.