ಎಳೆಯ ಮಕ್ಕಳ ಎದೆಯ ಕ್ಷ-ಕಿರಣ ಚಿತ್ರ: ಶುಶ್ರೂಷಾಧಿಕಾರಿಗಳು ಗಮನಿಸಬೇಕಾದ ಅಂಶಗಳು

ಧಾರವಾಡ ಜಿಲ್ಲೆಯ ಆರೋಗ್ಯ ಕೇಂದ್ರಗಳ ಶುಶ್ರೂಷಾಧಿಕಾರಿಗಳ ಅವಗಾಹನೆಗಾಗಿ ಈ ಪಾಠವನ್ನು ಪ್ರಕಟಿಸಲಾಗಿದೆ. ರೋಗನಿರ್ಣಯವು ವೈದ್ಯರ ಕಾರ್ಯ. ಆದರೆ ಕಲಘಟಗಿ, ಕುಂದಗೋಳ, ನವಲಗುಂದಗಳಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಹೊರಡುವ ಮಗುವಿನ ಚಿತ್ರವು ವೈದ್ಯರಿಗಿಂತ ಮೊದಲು ತಮ್ಮ ಕೈಸೇರುವ ಸಂದರ್ಭಗಳುಂಟು.

ಮೊದಲು ಹೆಸರು, ವಯಸ್ಸು, ದಿನಾಂಕ ಹಾಗೂ ಎಡ-ಬಲದ ಗುರುತನ್ನು ತಾಳೆನೋಡಬೇಕು. ಎರಡೂ ಕೊರಳೆಲುಬುಗಳ ಒಳತುದಿಗಳು ಬೆನ್ನೆಲುಬಿನಿಂದ ಸಮದೂರದಲ್ಲಿದ್ದರೆ ಮಗು ನೇರವಾಗಿ ಮಲಗಿತ್ತೆಂದು ತಿಳಿಯಬಹುದು. ಅಳುತ್ತಾ ಉಸಿರು ಬಿಟ್ಟ ಕ್ಷಣದಲ್ಲಿ ತೆಗೆದ ಚಿತ್ರದಲ್ಲಿ ವಪೆಯು ಮೇಲೇರಿ, ಆರೋಗ್ಯವಂತ ಶ್ವಾಸಕೋಶವೂ ನ್ಯುಮೋನಿಯಾದಂತೆ ಬೆಳ್ಳಗೆ ಕಾಣುತ್ತದೆ.

ಇಂಜಿನಿಯರಿಂಗ್ ಓದಿದ ನನಗೆ ಕ್ಷ-ಕಿರಣ ಚಿತ್ರವೆಂದರೆ ಮೂಲತಃ ನೆರಳು. ದೀಪದ ಸಮೀಪ ಹಿಡಿದ ಕೈಯ ನೆರಳು ಗೋಡೆಯ ಮೇಲೆ ಹಿಗ್ಗುವುದಷ್ಟೆ? ಅಂಗಾತ ಮಲಗಿದ ಶಿಶುವಿನ ಬೆನ್ನಡಿಯಲ್ಲಿ ಫಿಲ್ಮ್ ಇರುವುದರಿಂದ, ಮುಂಭಾಗದಲ್ಲಿರುವ ಹೃದಯವು ದೊಡ್ಡದಾಗಿ ಮೂಡುತ್ತದೆ. ವಯಸ್ಕರಲ್ಲಿ ಹೃದಯದ ಅಗಲ ಎದೆಯ ಅಗಲದ ಅರ್ಧವನ್ನು ಮೀರಬಾರದು, ಶಿಶುಗಳಲ್ಲಿ ಶೇ. 60ರವರೆಗೂ ಸಹಜ. ಹೃದಯದ ಮೇಲ್ಭಾಗದಲ್ಲಿ ಹಾಯಿಯಂತೆ ಚಾಚಿದ ನೆರಳು ಥೈಮಸ್ ಗ್ರಂಥಿಯದಾಗಿರಬಹುದು; ಅದನ್ನು ಕಂಡೊಡನೆ ಗಡ್ಡೆಯೆಂದು ತಾಯಿಯನ್ನು ಗಾಬರಿಗೊಳಿಸಬಾರದು.

ಶೇಂಗಾ ನಮ್ಮ ಸೀಮೆಯ ಮನೆಮನೆಯ ತಿನಿಸು. ಆದ್ದರಿಂದ ಮುಂದಿನ ವಿಷಯಕ್ಕೆ ಹೆಚ್ಚಿನ ಗಮನ ಅಗತ್ಯ. ಶ್ವಾಸನಾಳಕ್ಕೆ ಜಾರಿದ ಶೇಂಗಾಬೀಜವು ಚಿತ್ರದಲ್ಲಿ ಕಾಣುವುದಿಲ್ಲ. ಅದು ಏಕಮುಖ ವಾಲ್ವ್‌ನಂತೆ ವರ್ತಿಸಬಲ್ಲದು: ಉಸಿರೆಳೆದಾಗ ನಾಳ ಅಗಲಗೊಂಡು ಗಾಳಿ ಒಳಸೇರುತ್ತದೆ, ಬಿಟ್ಟಾಗ ಹೊರಬರುವುದಿಲ್ಲ. ಆಗ ಆ ಬದಿಯ ಶ್ವಾಸಕೋಶ ಹೆಚ್ಚು ಕಪ್ಪಾಗಿ ಉಬ್ಬಿ, ಹೃದಯವನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ನಾಳ ಪೂರ್ಣ ಮುಚ್ಚಿದರೆ ಶ್ವಾಸಕೋಶ ಕುಸಿದು ಬೆಳ್ಳಗಾಗಿ, ಹೃದಯವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆರಂಭದಲ್ಲಿ ಚಿತ್ರವು ಸಂಪೂರ್ಣ ಸಹಜವಾಗಿಯೂ ಇರಬಹುದು. ಆದಕಾರಣ "ಶೇಂಗಾ ತಿನ್ನುವಾಗ ಒಮ್ಮೆಲೆ ಕೆಮ್ಮಿತರೀ" ಎಂಬ ತಾಯಿಯ ಮಾತನ್ನು, ಚಿತ್ರ ಹೇಗೇ ಇರಲಿ, ರೆಫರಲ್ ಚೀಟಿಯಲ್ಲಿ ಬರೆಯತಕ್ಕದ್ದು.

ನಾಣ್ಯದಂತಹ ದುಂಡು ನೆರಳಿನ ಅಂಚಿನಲ್ಲಿ ಜೋಡಿ ಉಂಗುರ ಕಂಡರೆ ಅದು ಬಟನ್ ಸೆಲ್ ಆಗಿರಬಹುದು. ಅನ್ನನಾಳದಲ್ಲಿ ಸಿಲುಕಿದ ಸೆಲ್ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು. ತಕ್ಷಣವೇ 108ಕ್ಕೆ ಕರೆ ಮಾಡಬೇಕು.

ಚಿತ್ರಕ್ಕಾಗಿ ಕಾಯುತ್ತಾ ಮಗುವಿನಿಂದ ಕಣ್ಣು ತೆಗೆಯುವಂತಿಲ್ಲ. ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಎದೆಯ ಕೆಳಭಾಗ ಒಳಸೆಳೆಯುತ್ತಿದ್ದರೆ ಚಿತ್ರ ಬರುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಎಣಿಸಿದ ಸಂಖ್ಯೆ ಮತ್ತು ಸಮಯವನ್ನೂ ಅದೇ ಚೀಟಿಯಲ್ಲಿ ನಮೂದಿಸುವುದು.